ಎರಡಿಂಚು

ಗಂಡನ ಹೆಸರು ಬಾಯಿಲೆ ಹೇಳಬಾರದಂತ.
ಆರ್‌ಸಿ ಪುಸ್ತಕ ತೋರಸ್ತೀನಿ, ಓದಕೋರಿ:
ಗೊಲ್ಲಾಳಪ್ಪ, ಮುಕ್ಕಾಂ ತಾಳಿಕೋಟಿ.
ಮಿಲ್ಟ್ರಿ ಹರಾಜಿನ್ಯಾಗ ಹಿಡದ ಹಸರು ಜಿಪ್ಸಿ.
ಸೊಸಾಯಟಿ ಬ್ಯಾಂಕಿನ ಕ್ಲಾರ್ಕ; ಮನಿಯಿಂದ ಅಲ್ಲೀತನಕ
ಡಾಂಬರ ದಾರಿ, ನಡದ ಹೋದರ ಹನ್ನೊಂದು ನಿಮಿಷ.

ಆದರೂ ಜಿಪ್ಸಿ ಎತ್ತರ ಆಗಬೇಕು ಅಂದ.
ಯಾಕ ಅಂದೆ.
ಎತ್ತರ ಆಗಬೇಕು ಅಂದ.

ಹಿತ್ತಲದಾಗ ಫರಸಿ ಮ್ಯಾಲ ಜಾಕು,
ಜಾಕಿನ ಮ್ಯಾಲ ಹಲಗಿ, ಹಲಗಿ ಮ್ಯಾಲ ಅವನ ಧೈರ್ಯ.
ಗಾಡಿ ಕೆಳಗ ಎರಡು ಪಾದ ಅಷ್ಟ ಕಾಣತಿದ್ದವು,
ಅವಕ್ಕ ನಾನು ಹದಿನೇಳರ ಪಾನಾ ಕೊಡತಿದ್ದೆ.
ಪಾಟಾದ ಯು-ಬೋಲ್ಟು ಜಂಗು ಹಿಡದು
ಎರಡು ದಿನ ಸೀಮಿಎಣ್ಣಿ ಕುಡದೂ ಬಿಡಲಿಲ್ಲ.
ಮೂರನೇ ದಿನ ಬಂದಗಿಸಾಬ ಗ್ಯಾಸಿನ ಉರಿ ಹಿಡದು
ಕೆಂಪಗ ಮಾಡಿ ಒಂದು ಸುತ್ತಗಿ ಕೊಟ್ಟ:
ಹುಳುಕು ಹಲ್ಲು ಕಿತ್ತಂಗ ಬಂತು.

ನಾನು ಹೊಲಿಗಿಯಾಕಿ. ನನ್ನ ಟೇಪು ಕಸಗೊಂಡು
ಗಾಲಿಗೂ ಮಡ್ಗಾರ್ಡಿಗೂ ನಡುವ ಹಿಡದು
"ಎಷ್ಟ ಏರೇತಿ ನೋಡು" ಅಂದ.
ಎರಡಿಂಚು.
ಬೆಳಿಯೂ ಹುಡಿಗಿ ಲಂಗದಾಗ ಮಡಚಿಟ್ಟ ಅರಿವಿ
ಈ ವರ್ಷ ಬಿಚ್ಚಿ ಬಿಟ್ಟಂಗ ನಿಂತಿತ್ತು ಜಿಪ್ಸಿ.

ಹೊಸ ಗಾಲಿ ಅಗಲ, ಪತ್ರಾಕ್ಕ ತಗಲತೈತಿ, ಕೊಯ್ಯಬೇಕು.
ಕಣ್ಣಳತಿಲೆ ಕೊಯ್ತೀನಿ ಅಂದ ಬಂದಗಿಸಾಬ.
ತಡಿಯೋ ಮಾರಾಯಾ ಅಂದು, ಹೊಲಿಗಿ ಚಾಕಿಲೆ
ಕುಬಸದ ಕಂಕಳಕ್ಕ ಎಳಿಯೂ ಗೆರಿ ಎಳದೆ.
ಗ್ರೈಂಡರು ಕಿಡಿ ಕಾರಕೋತ ಹೋತು ಗೆರಿ ಗುಂಟ,
ಒಂದ ಎಳಿ ಆಚಿ ಇಲ್ಲ, ಈಚಿ ಇಲ್ಲ.

ಆಕ್ಸಲಿಗೂ ಉಸಿರು ಬೇಕಂತ. ನೀರಾಗ ಇಳದರ
ಮೂಗಿನ್ಯಾಗ ನೀರ ಹೋಗಿ ಎಣ್ಣಿ ಹಾಲಾಗತೈತಂತ.
ದವಾಖಾನಿಯಿಂದ ಸಲೈನ್ ನಳಗಿ ತಂದು
ಬಾನೆಟ್ಟಿನ ತನಕ ಎತ್ತಿ ಕಟ್ಟಿದಿವಿ.
ಹೊಸ್ತಲದಾಗ ಕುಂತ ಅತ್ತಿ ಕೇಳಿದಳು:
"ಬಾಟ್ಲಿ ಹಚ್ಚೀರೆಲ್ಲ, ಉಳಿಯೂ ಲಕ್ಷಣ ಐತೇನು?"

ಆಕಿಗಿ ಹತ್ತಾಕ ಬರಲಿಲ್ಲ.
ನಿರಗಿ ಹಿಡಕೊಂಡು ಒಂದು ಕಾಲು ಎತ್ತಿ, ಇಳಿಸಿ,
"ನನ್ನ ಲಗ್ನದ ಕುದುರಿ ಇದಕ್ಕಿಂತ ಗಿಡ್ಡ ಇತ್ತು" ಅಂದಳು.
ನನ್ನ ಹಳೇ ಮಶೀನಿನ ಕಾಲಪೆಡಲು ಅಟ್ಟದ ಮ್ಯಾಲಿತ್ತು.
ಬೀಡು ಬೆಸಗಿ ಹಿಡಿಯಂಗಿಲ್ಲ ಅಂತ
ನಟ್ಟ-ಬೋಲ್ಟ ಹಾಕಿ ಬಾಗಲದ ಬುಡಕ್ಕ ಕೂಡಿಸಿದಿವಿ.

ಮಘಿ ಮಳಿ ಬಿದ್ದ ಮರುದಿನ ಡೋಣಿ ದಂಡಿಗಿ ಹೋದಿವಿ.
ಎರಿ ನಿಮಗ ಗೊತ್ತಲ್ಲ,
ಬಿಸಲಿಗಿ ಬಾಯಿ ಬಿಡತೈತಿ, ಮಳಿಗಿ ಹಿಡದದ್ದು ಬಿಡಂಗಿಲ್ಲ.
ಇಳದು ಹಬ್ಬು ತಿರವಿ ಲಾಕ್ ಮಾಡಿದ, ಫೋರ್-ಲೋ ಹಾಕಿದ,
ಹತ್ತು ಮಾರು ಹೋಗೂದ್ರಾಗ ನಾಕೂ ಗಾಲಿ ಎಳ್ಳುಂಡಿ.
ಟಾಯರಿನ ಹಲ್ಲು ಒಂದೂ ಕಾಣಲಿಲ್ಲ.
ಒತ್ತಿದಷ್ಟೂ ಇಳೀತು, ಇಳದಷ್ಟೂ ಒತ್ತಿದ.
ನಲವತ್ತು ಸಾವಿರದ ಎರಡಿಂಚು
ಮಣ್ಣಿನ ಖಾತೇಕ್ಕ ಜಮಾ.

ಬ್ಯಾಂಕಿನವ ಸುಮ್ಮನ ಕುಂತ.
ನನಗ ಗಾಡಿ ತಿಳಿಯಂಗಿಲ್ಲ. ದಾರ ತಿಳಿತೈತಿ:
ಬಿಗಿ ಹೆಚ್ಚಾದರ ಅರಿವಿ ಸುಕ್ಕ ಹಿಡಿತೈತಿ,
ಸೂಜಿ ಮುರಿಯೂಕಿಂತ ಮೊದಲ ಸಡ್ಲ ಮಾಡಬೇಕು.
ಕೆಸರಾಗ ಮಣಕಾಲೂರಿ ತಲಿಪಿನ್ನಿಲೆ ವಾಲು ಒತ್ತಿದೆ.
"ಏ, ಏನ ಮಾಡ್ತಿ!"
ಸುಸ್ಸ್ ಅಂತು. ಅರ್ಧ ಗಾಳಿ ಹೋತು.
ಪಂಕ್ತಿಗಿ ಕುಂತವರ ತೊಡಿಯಂಗ ಗಾಲಿ ಅಗಲಾತು.
ಈಗ ಒತ್ತಬ್ಯಾಡ, ಸುಮ್ಮನ ಬಿಡು ಅಂದೆ.
ಬಿಟ್ಟ.
ಎಬ್ಬಿಸಿದ ಎಮ್ಮಿಯಂಗ, ಮನಸ್ಸಿಲ್ಲದ, ಎದ್ದಿತು.

ಪಂಪು ತರೂದು ಯಾರಿಗೂ ನೆಪ್ಪಿರಲಿಲ್ಲ.
ಕುಂಟಕೋತ ಮನಿ ಮುಟ್ಟಿ, ಬಾಜೂ ಹುಡಗನ ಸೈಕಲ್ ಪಂಪಿಲೆ
ಗಾಲಿಗಿ ಮುನ್ನೂರು ಏಟು. ಒಂದು ಗಾಲಿ ಅವಂದು, ಒಂದು ನಂದು,
ಎಣಕಿ ತಪ್ಪಿದರ ಮತ್ತ ಒಂದರಿಂದ.

"ಎಲ್ಲಿಗಿ ಹೋಗಿದ್ರಿ?" ಅಂದಳು ಅತ್ತಿ.
"ಡೋಣಿಗಿ."
"ಏನ ತಂದ್ರಿ?"
ನೂರಾ ನಲವತ್ತು, ನೂರಾ ನಲವತ್ತೊಂದು ಅನಕೋತ
ಅಂವ ಗದ್ದಲೆ ಗಾಲಿ ತೋರಿಸಿದ.
ಆಕಿ ಒಂದು ಹೆಂಟಿ ಎರಿ ಕಿತ್ತು, ಬೆರಳಾಗ ತಿಕ್ಕಿ,
ಇನ್ನ ಹಸಿ ಐತಿ ಅಂದು
ಕರಿಬೇವಿನ ಬುಡಕ್ಕ ಒಗದಳು.